ಒಂದು ಗೇಣಿನ ಕೆಳಗೆ

ಬೀದಿಯವರೆಲ್ಲ ಅವನನ್ನು ನಿಧಾನಣ್ಣ ಎನ್ನುತ್ತಿದ್ದರು. ಇಟ್ಟ ಹೆಸರು ಸುಳ್ಳೇನಲ್ಲ. ಕಣ್ಣೆದುರೇ ಬಸ್ಸು ಹೊರಟುಹೋಗುತ್ತಿದ್ದರೂ ಓಡುವ ಆಸಾಮಿಯಲ್ಲ. ನಡೆಯುವಾಗ ದೃಷ್ಟಿ ನೆಲದ ಮೇಲೆ. ಎತ್ತಿದ ಹೆಜ್ಜೆಯನ್ನು ಎಲ್ಲಿಡಬೇಕೆಂದು ನೋಡಿ, ಆಮೇಲೆ ಇಡುತ್ತಿದ್ದ. ಹುಲ್ಲಿನ ಮೇಲಂತೂ ಕಾಲಿಡುತ್ತಲೇ ಇರಲಿಲ್ಲ. ಪಾರ್ಕಿನಲ್ಲಿ ಊರ ಜನವೆಲ್ಲ ಹುಲ್ಲು ತುಳಿದುಕೊಂಡು ಅಡ್ಡದಾರಿಯಲ್ಲಿ ಹೋದರೆ ಇವನೊಬ್ಬ ಸಿಮೆಂಟಿನ ದಾರಿ ಹಿಡಿದು ಸುತ್ತಿಕೊಂಡು ಬರುವವನು. “ಹುಲ್ಲು ಹಾಳಾಗಬಾರದು ಅಂತ ಎಷ್ಟು ಶಿಸ್ತು ನೋಡಿ! ಮಿಲಿಟರಿಯವರು ಅಂದ್ರೆ ಹಾಗೆ” ಎಂದು ಎದುರು ಮನೆಯ ದರ್ಜಿ ಹೊಗಳುತ್ತಿದ್ದ. ಪಾಪ, ದರ್ಜಿಗೇನು ಗೊತ್ತು. ನಿಧಾನಣ್ಣನಿಗೆ ಹುಲ್ಲಿನ ಚಿಂತೆ ಇರಲಿಲ್ಲ, ಹುಲ್ಲಿನ ಕೆಳಗೆ ಏನಿದೆಯೋ ಎಂಬ ಚಿಂತೆ.

ಹದಿನೆಂಟನೇ ವಯಸ್ಸಿಗೆ ಸೇನೆ ಸೇರಿ, ಹದಿನೆಂಟು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಯುದ್ಧ ಮುಗಿದ ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕುವುದು. ಹೊಟ್ಟೆಯ ಮೇಲೆ ಮಲಗಿ, ಉದ್ದನೆಯ ಕಬ್ಬಿಣದ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ಎರಡು ಬೆರಳಗಲ ಬಿಟ್ಟು ಮತ್ತೊಂದು ಚುಚ್ಚು. ಮತ್ತೆ ಎರಡು ಬೆರಳಗಲ, ಮತ್ತೊಂದು ಚುಚ್ಚು. ಕಡ್ಡಿಗೆ ಏನಾದರೂ ಗಟ್ಟಿಯಾದದ್ದು ತಗುಲಿದರೆ ಮೇಲಿನ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ, ಕೆಂಪು ಬಾವುಟ ನೆಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಬೇಕು. ಸಿಡಿಸುವವರು ಬೇರೆ. ಕಂಡದ್ದನ್ನು ಎತ್ತಬಾರದು, ಆ ಕೆಲಸದ ಮೊದಲ ಪಾಠ ಅದೇ, ಕೊನೆಯ ಪಾಠವೂ ಅದೇ. ಬೆಳಗಿನಿಂದ ಸಂಜೆಯವರೆಗೆ ಚುಚ್ಚಿದರೆ ಒಂದು ಕೋಣೆಯಷ್ಟು ನೆಲ ಮುಗಿಯುತ್ತಿತ್ತು. ತಾಳಿದವನು ಬಾಳಿಯಾನು ಎಂದು ಜನ ಬಾಯಿಮಾತಿಗೆ ಹೇಳುತ್ತಾರೆ. ಇವನ ತುಕಡಿಯಲ್ಲಿ ತಾಳದವರು ಯಾರೂ ಬಾಳಲಿಲ್ಲ.

ಸೇನೆ ಬಿಟ್ಟಾಗ ಮೂವತ್ತಾರು. ಕೈಕಾಲು ನೆಟ್ಟಗಿದ್ದವು, ಎಡಗಿವಿ ಮಾತ್ರ ಸ್ವಲ್ಪ ಮಂದ. ಔಷಧಿ ಗೋದಾಮೊಂದರ ಗೇಟಿನಲ್ಲಿ ಕಾವಲು ಕೆಲಸ ಸಿಕ್ಕಿತು. ಒಂದು ಸ್ಟೂಲು, ಒಂದು ಟಾರ್ಚು, ಬಂದುಹೋಗುವ ಲಾರಿಗಳ ನಂಬರು ಬರೆಯುವ ಒಂದು ಪುಸ್ತಕ, ಇಷ್ಟೇ ಅವನ ಪ್ರಪಂಚ. ಹೆಂಡತಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ದಿನಾ ಮುನ್ನೂರು ಜನಕ್ಕೆ ಬೇಯಿಸಿ ಹಾಕಿ ಮನೆಗೆ ಬಂದು ಮೂವರಿಗೆ ಬೇಯಿಸುವಾಗ ಅವಳ ಉಪ್ಪಿನ ಅಂದಾಜು ತಪ್ಪುತ್ತಿತ್ತು. ಮೂರನೆಯವಳು ಮಗಳು, ಅಮ್ಮನ ಚುರುಕು, ಅಪ್ಪನ ಹಣೆ.

ಇವರ ಮನೆಯ ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಒಂದು ಕಾಗದವಿತ್ತು. ಸೇನೆಯಲ್ಲಿ ದುಡಿದು ಬಂದವರಿಗೆ ಓದಲು ಕೊಡುವ ಸವಲತ್ತಿನ ಕಾಗದ. ಮೂವತ್ತಾರು ತಿಂಗಳು ಕಾಲೇಜಿನ ಫೀಸು, ಪುಸ್ತಕದ ಖರ್ಚು, ಜೊತೆಗೆ ಮನೆ ನಡೆಸಲು ತಿಂಗಳಿಗಿಷ್ಟು ಎಂದು ಅದರಲ್ಲಿ ಬರೆದಿತ್ತು. ಮಕ್ಕಳ ಹೆಸರಿಗೂ ಮಾಡಿಸಬಹುದು ಎಂದಿತ್ತು. ಮಗಳು ಎಂಟನೇ ವಯಸ್ಸಿನಲ್ಲಿದ್ದಾಗಲೇ ನಿಧಾನಣ್ಣ, “ಇದು ನಿಂದು, ಮುಟ್ಟಬೇಡ” ಎಂದು ತೋರಿಸಿ ಒಳಗಿಟ್ಟಿದ್ದ. ಒಂಬತ್ತು ವರ್ಷ ಗೋದಾಮನ್ನು ಕಾದಷ್ಟೇ ಶ್ರದ್ಧೆಯಿಂದ ಅದನ್ನೂ ಕಾದ.

ಮಗಳ ಶಾಲೆ ಮುಗಿಯಿತು. ನಿಧಾನಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಾಗದ ಹಿಡಿದು, ನಿವೃತ್ತ ಸೈನಿಕರ ಕಚೇರಿಗೆ ಹೋದ. ಕೌಂಟರಿನಲ್ಲಿ ಕುಳಿತಿದ್ದ ಗುಮಾಸ್ತೆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದಳು.

“ಇದನ್ನ ಮಗಳ ಹೆಸರಿಗೆ ಮಾಡೋಕಾಗಲ್ಲ ಸಾರ್.”

“ಮಾಡಬಹುದು ಅಂತ ಇದರಲ್ಲೇ ಇದೆಯಲ್ಲಮ್ಮ.”

“ಅದರ ಕೆಳಗಿನ ಸಾಲು ಓದಿ. ಸೇವೆಯಲ್ಲಿರುವಾಗಲೇ ಅರ್ಜಿ ಹಾಕಬೇಕಿತ್ತು. ನೀವು ಬಿಟ್ಟು ಒಂಬತ್ತು ವರ್ಷ ಆಯ್ತು.”

ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಗೇ ಬರೆದಿತ್ತು. ಎರಡು ಬೆರಳಗಲ ನೆಲವನ್ನೂ ಬಿಡದೆ ಹುಡುಕಿದ ಮನುಷ್ಯ ಒಂದು ಸಾಲನ್ನು ಬಿಟ್ಟುಬಿಟ್ಟಿದ್ದ!

“ಹಾಗಾದ್ರೆ ಇದು ಯಾರಿಗೂ ಇಲ್ವಾ?”

“ನಿಮಗಿದೆಯಲ್ಲ ಸಾರ್. ಹತ್ತು ವರ್ಷ ತುಂಬೋದರೊಳಗೆ ನೀವೇ ಹೋಗಿ ಎಲ್ಲಾದ್ರೂ ಸೇರ್ಕೊಂಡ್ರೆ.”

“ನಾನಾ?”

“ಮತ್ತೆ ನಾನಾ?” ಎಂದಳು ಗುಮಾಸ್ತೆ. ಹಿಂದೆ ಸಾಲು ಬೆಳೆದಿತ್ತು.

ಮನೆಗೆ ಬಂದು ಅಪರಾಧಿಯಂತೆ ನಿಂತು ಹೇಳಿದ. ಮಗಳು ಅಳುತ್ತಾಳೆಂದು ಅವನ ಲೆಕ್ಕ. ಅವಳು ಬಿದ್ದು ಬಿದ್ದು ನಕ್ಕಳು. ಅಮ್ಮನ ಆಸ್ಪತ್ರೆಯ ಲ್ಯಾಬಿನಲ್ಲೇ ತರಬೇತಿಗೆ ಅವಳು ಆಗಲೇ ಹೆಸರು ಕೊಟ್ಟು ಬಂದಿದ್ದಳು. ಸಿಬ್ಬಂದಿಯ ಮಕ್ಕಳಿಗೆ ಅಲ್ಲಿ ಫೀಸಿಲ್ಲ. ಅಪ್ಪನ ಕಾಗದಕ್ಕೆ ಕಾಯುತ್ತ ಕೂರುವ ಹುಡುಗಿಯೇ ಅಲ್ಲ.

“ನೀನೇ ಹೋಗಪ್ಪ ಕಾಲೇಜಿಗೆ. ಪೇರೆಂಟ್ಸ್ ಮೀಟಿಂಗಿಗೆ ನಾನು ಬರ್ತೀನಿ” ಎಂದಳು.

“ನಲವತ್ತೈದಕ್ಕೆ ಕಾಲೇಜಾ? ನಗುವವರ ಮುಂದೆ ಎಡವಿ ಬಿದ್ದ ಹಾಗಾಗುತ್ತೆ.”

ಹೆಂಡತಿ ಒಲೆಯ ಮುಂದಿನಿಂದಲೇ ತಿರುಗಿದಳು. “ನಗಲಿ ಬಿಡಿ, ಹಲ್ಲು ಅವರದು, ನಮ್ಮದೇನು ಸವೆಯುತ್ತೆ? ಒಂಬತ್ತು ವರ್ಷ ಆ ಸ್ಟೂಲಿನ ಮೇಲೆ ಕೂತು ಲಾರಿ ನಂಬರು ಬರೆದ್ರಲ್ಲ, ಒಂದು ದಿನ ಆದ್ರೂ ಮನೆಗೆ ಬಂದು ‘ಇವತ್ತು ಹೀಗಾಯ್ತು’ ಅಂತ ಒಂದು ಮಾತು ಹೇಳಿದ್ದಿದೆಯಾ? ಹೋಗಿ. ಏನಾದ್ರೂ ಹೇಳೋ ಹಾಗೆ ಆಗಿ ಬನ್ನಿ.”

ಸೇನೆಯಲ್ಲಿದ್ದಾಗಲೇ ಪರೀಕ್ಷೆ ಕಟ್ಟಿ ಹೈಸ್ಕೂಲು ಮುಗಿಸಿದ್ದ, ಆ ಸರ್ಟಿಫಿಕೇಟಿತ್ತು. ಲೆಕ್ಕಪತ್ರದ ಯಾವುದಾದರೂ ಕೋರ್ಸಿಗೆ ಸೇರಿದರೆ ಗೋದಾಮಿನಲ್ಲೇ ಕುರ್ಚಿ ಸಿಗಬಹುದು ಎಂದುಕೊಂಡು ಕಾಲೇಜಿಗೆ ಹೋದ. ಕೌಂಟರು ತೆರೆಯಲು ಅರ್ಧ ಗಂಟೆಯಿತ್ತು. ಹೊತ್ತು ಕಳೆಯಲು ಓಣಿಯಲ್ಲಿ ನಡೆದವನು ಒಂದು ಗಾಜಿನ ಮುಂದೆ ನಿಂತುಬಿಟ್ಟ.

ಗಾಜಿನ ಹಿಂದೆ ಮಣ್ಣು. ಆಳೆತ್ತರದ ಮಣ್ಣಿನ ಗೋಡೆ. ಎಲ್ಲಿಯೋ ಅಗೆದ ಗುಂಡಿಯ ಒಂದು ಮಗ್ಗುಲನ್ನು ಹಾಗೇ ಇಡಿಯಾಗಿ ಕಿತ್ತು ತಂದು ನಿಲ್ಲಿಸಿದ್ದರು. ಕಂದು, ಕಪ್ಪು, ಬೂದಿ, ಬಿಳಿ, ಮತ್ತೆ ಕಂದು ಎಂದು ಪದರದ ಮೇಲೆ ಪದರ. ನಿಧಾನಣ್ಣ ನೋಡಿದ. ನೋಡುತ್ತಲೇ ಇದ್ದ. ಕೌಂಟರು ತೆರೆಯಿತು, ಸಾಲು ಕರಗಿತು, ಕೌಂಟರು ಮುಚ್ಚಿತು.

ಪಕ್ಕದ ಕೋಣೆಯಿಂದ ಒಬ್ಬ ಹೆಂಗಸು ಹೊರಗೆ ಬಂದರು. ಕತ್ತರಿಸಿದ ನರೆಗೂದಲು, ಕಾಲಲ್ಲಿ ಮಣ್ಣು ಮೆತ್ತಿದ ಬೂಟು. ಪ್ರಾಧ್ಯಾಪಕಿ ಎಂದು ಯಾರೂ ಹೇಳುವ ಹಾಗಿರಲಿಲ್ಲ.

“ಏನು ನೋಡ್ತಿದೀರಿ?”

“ಈ ಬಿಳಿ ಗೆರೆ ಏನು ಮೇಡಂ?”

“ಹೊಳೆ. ಯಾವುದೋ ಒಂದು ವರ್ಷ ಊರೊಳಗೆ ನುಗ್ಗಿ, ಮರಳು ಬಿಟ್ಟು ಹೋಯ್ತು.”

“ಇಲ್ಲಿ ದುಂಡಗೆ ಕಪ್ಪಗಿದೆಯಲ್ಲ, ಇದು?”

“ಕಂಬ. ಮನೆಗೆ ನೆಟ್ಟಿದ್ದ ಕಂಬ.”

“ಕಂಬ ಎಲ್ಲಿದೆ?”

“ಇಲ್ಲ. ಕೊಳೆತು ಹೋಗಿ ಎರಡು ಸಾವಿರ ವರ್ಷ ಆಯ್ತು. ಅದಿದ್ದ ಜಾಗದ ಮಣ್ಣಿನ ಬಣ್ಣ ಮಾತ್ರ ಬೇರೆ. ಮಣ್ಣು ಒಮ್ಮೆ ಕದಡಿದ್ರೆ ಮತ್ತೆ ಮೊದಲಿನ ಹಾಗೆ ಆಗೋದಿಲ್ಲ, ಎಷ್ಟು ಸಾವಿರ ವರ್ಷ ಆದ್ರೂ.”

ಆ ಮಾತಿನ ಮೊದಲರ್ಧ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕದಡಿದ ಮಣ್ಣಿನ ಬಣ್ಣ ನೋಡಿಯೇ ಅವನು ಹದಿನೆಂಟು ವರ್ಷ ಜೀವ ಉಳಿಸಿಕೊಂಡಿದ್ದ. ಆದರೆ ಬಾಂಬು ಹೂಳುವುದು ಒಂದು ಗೇಣಿನೊಳಗೆ. ಆ ಗೇಣು ಮಣ್ಣಿಗೆ ಮೂಗು ತಾಗಿಸಿಕೊಂಡೇ ಹರೆಯ ಕಳೆದವನಿಗೆ, ಅದರ ಕೆಳಗೂ ಭೂಮಿ ಇದೆ, ಅಲ್ಲಿ ಮನೆಗಳಿವೆ, ಹೊಳೆಗಳಿವೆ, ಇಲ್ಲದ ಕಂಬಗಳ ಗುರುತಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಲೆಕ್ಕಪತ್ರ ಅಲ್ಲಿಗೆ ಮುಗಿಯಿತು. ಪುರಾತತ್ವ ವಿಭಾಗ ಎಂದು ಬಾಗಿಲ ಮೇಲೆ ಬರೆದಿದ್ದನ್ನು ಮರುದಿನ ಅರ್ಜಿಯಲ್ಲಿ ನಕಲು ಮಾಡಿದ.

ಸವಲತ್ತಿಗೆ ಒಂದು ಕಟ್ಟುಪಾಡಿತ್ತು. ಯಾವ ವಿಷಯದಲ್ಲೂ ನಪಾಸಾಗುವ ಹಾಗಿಲ್ಲ. ಒಂದರಲ್ಲಿ ಬಿದ್ದರೂ ಕಾಗದ ರದ್ದು. ಫೀಸೂ ಇಲ್ಲ, ಮನೆ ಖರ್ಚಿನ ಹಣವೂ ಇಲ್ಲ. ಕಾವಲು ಕೆಲಸ ಬಿಟ್ಟಾಗಿತ್ತು. ಹಾಗಾಗಿ ನಿಧಾನಣ್ಣ ಕತ್ತಿಯ ಅಂಚಿನ ಮೇಲೆ ನಡೆಯುವವನಂತೆ ಕಾಲೇಜಿಗೆ ಹೋದ.

ಕ್ಲಾಸಿನಲ್ಲಿ ಮೂವತ್ತು ಜನ, ಎಲ್ಲರೂ ಮಗಳ ವಯಸ್ಸಿನವರು. ಮೊದಲ ದಿನ ಮೇಡಂ ಒಳಗೆ ಬಂದಾಗ ಇವನೊಬ್ಬ ಎದ್ದು ಸೆಟೆದು ನಿಂತ. “ಕೂತ್ಕೊಳ್ಳಿ” ಎನ್ನುವವರೆಗೆ ಕೂರಲಿಲ್ಲ. ಹಾಜರಿ ಕರೆದರೆ ಕಿಟಕಿಯ ಪಾರಿವಾಳ ಹಾರುವಂತೆ “ಹಾಜರ್!” ಎನ್ನುತ್ತಿದ್ದ. ಹುಡುಗರು ಮೊದಮೊದಲು ಅಂಕಲ್ ಎಂದರು, ಆಮೇಲೆ ಅಣ್ಣ ಎಂದರು. ಪಕ್ಕದಲ್ಲಿ ಕೂರುತ್ತಿದ್ದವಳು ದಪ್ಪ ಕನ್ನಡಕದ ಒಂದು ಹುಡುಗಿ. ಅವಳನ್ನು ಎಲ್ಲರೂ ಸೋಡಾಬುಡ್ಡಿ ಎನ್ನುತ್ತಿದ್ದರು, ಅವಳೂ ಹಾಗೇ ಹೇಳಿಕೊಳ್ಳುತ್ತಿದ್ದಳು. ಇವನ ಮಂದ ಕಿವಿಗೆ ಬೀಳದ್ದನ್ನು ಅವಳು ಬರೆದು ತೋರಿಸುವಳು, ಅವಳ ಕಣ್ಣಿಗೆ ಕಾಣದ ಬೋರ್ಡಿನ ಅಕ್ಷರವನ್ನು ಇವನು ಓದಿ ಹೇಳುವನು. ಇಬ್ಬರೂ ಸೇರಿ ಒಬ್ಬ ಒಳ್ಳೆಯ ವಿದ್ಯಾರ್ಥಿಯಾಗುತ್ತಿದ್ದರು.

ಅಲ್ಲಿ ಕಲಿತದ್ದು ಒಂದೊಂದೂ ಅವನಿಗೆ ಪವಾಡ. ಒಂದು ದಿನ ಸೂಕ್ಷ್ಮದರ್ಶಕದಲ್ಲಿ ಮುಳ್ಳುಮುಳ್ಳಿನ ಒಂದು ಉಂಡೆ ತೋರಿಸಿದರು. ಮೂರು ಸಾವಿರ ವರ್ಷದ ಹಿಂದೆ ಅರಳಿದ ಹೂವಿನ ಪರಾಗವಂತೆ. ಹೂವು ಇಲ್ಲ, ಗಿಡ ಇಲ್ಲ, ಗಿಡದ ಪಕ್ಕ ಹಾದುಹೋದವರು ಇಲ್ಲ, ಹೂವಿನ ಪುಡಿ ಮಾತ್ರ ಹಾಗೇ ಇದೆ. ಅವತ್ತು ಮನೆಗೆ ಬಂದವನು ಚೀಲ ಇಳಿಸುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳತೊಡಗಿದ. ಹೆಂಡತಿ ಈರುಳ್ಳಿ ಹೆಚ್ಚುತ್ತ ಕೇಳಿಸಿಕೊಂಡಳು.

“ಹಾಗಾದ್ರೆ ನಮ್ಮನೆ ಅಟ್ಟದ ಧೂಳಿಗೂ ಒಂದು ಪದವಿ ಕೊಡಿಸಿ” ಎಂದಳು. ಆದರೆ ಮರುದಿನ ಅವನು ಬರುವ ಹೊತ್ತಿಗೆ ಸರಿಯಾಗಿ ಈರುಳ್ಳಿ ಹಿಡಿದು ಕುಳಿತಿದ್ದಳು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಗಂಡನ ಬಾಯಲ್ಲಿ ಇಷ್ಟು ಮಾತಿದೆ ಎಂದು ಅವಳಿಗೆ ಗೊತ್ತಾದದ್ದೇ ಆಗ.

ಮೊದಲ ವರ್ಷವನ್ನು ಕೂದಲೆಳೆಯಲ್ಲಿ ದಾಟಿದ. ಎರಡನೇ ವರ್ಷ ಬಂದದ್ದು ಅಗೆಯುವ ಪರೀಕ್ಷೆ.

ಊರ ಹೊರಗೆ, ಇಟ್ಟಿಗೆ ಭಟ್ಟಿಗಳನ್ನು ದಾಟಿದರೆ ಒಂದು ದಿಬ್ಬ. ಅಲ್ಲಿ ಆರು ವಾರ ಅಗೆತ. ಗೂಟ ಹೊಡೆದು, ದಾರ ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಚೌಕ. ನಿಯಮ ಸರಳವಾಗಿತ್ತು. ಪ್ರತಿಯೊಬ್ಬರೂ ತಮ್ಮ ಚೌಕದಲ್ಲಿ ಒಂದು ವಸ್ತುವನ್ನಾದರೂ ತಾವೇ ಹುಡುಕಿ, ಸುತ್ತಲಿನ ಮಣ್ಣು ಬಿಡಿಸಿ, ಕೈಯಾರೆ ಎತ್ತಿ, ಬರೆದಿಡಬೇಕು. ಎತ್ತದವರು ನಪಾಸು.

ದಿಬ್ಬದ ತುಂಬ ಹುಲ್ಲು. ಹುಡುಗರು ಕುಣಿಯುತ್ತ ಹತ್ತಿದರು. ನಿಧಾನಣ್ಣ ಅಂಚಿನಲ್ಲಿ ನಿಂತ. ಸೋಡಾಬುಡ್ಡಿ ತಿರುಗಿ ನೋಡಿದಳು, ಕೆಳಗಿಳಿದು ಬಂದು ಅವನ ಮುಂದೆ ಹುಲ್ಲನ್ನು ಒತ್ತಿ ಒತ್ತಿ ತುಳಿಯುತ್ತ ನಡೆದಳು. ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅವನು ಮೇಲೆ ಹೋದ.

ಮೂರನೇ ದಿನ ಅವನ ಕರಣೆಗೆ ಏನೋ ಗಟ್ಟಿಯಾಗಿ ತಗುಲಿತು. ತಗುಲಿದ್ದೇ ತಡ, “ಎಲ್ಲರೂ ಮಲಗಿ!” ಎಂಬ ಕೂಗು ಅವನ ಬಾಯಿಂದ ಬಂದುಬಿಟ್ಟಿತ್ತು. ಎಂಥ ಕೂಗು! ಮೂವತ್ತು ಜನ ಇದ್ದಲ್ಲೇ ಬಿದ್ದರು. ಮೇಡಂ ಕೂಡ ಬಿದ್ದರು, ನೋಟ್‌ಬುಕ್ಕಿನ ಸಮೇತ. ದಿಬ್ಬದ ಮೇಲೆ ಜರಡಿಯೊಂದು ಉರುಳಿದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಗುಲಿದ್ದು ಒಂದು ಕಲ್ಲು.

ಯಾರೋ ಕಿಸಕ್ಕೆಂದರು, ನಗೆ ಹಬ್ಬಿತು. ಆದರೆ ಅವನ ಮುಖ ನೋಡಿದವರ ನಗೆ ಅಲ್ಲೇ ನಿಂತಿತು. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಮೇಡಂ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು, ಪುಸ್ತಕದಲ್ಲಿ ‘ಕಲ್ಲು’ ಎಂದು ಬರೆದು, “ಮುಂದುವರೀರಿ” ಎಂದರು.

ಆಮೇಲಿನ ನಾಲ್ಕು ವಾರದಲ್ಲಿ ಅವನಷ್ಟು ವಸ್ತು ಹುಡುಕಿದವರು ಯಾರೂ ಇಲ್ಲ. ಮಣಿ, ಬಳೆಚೂರು, ಎಲುಬಿನ ಸೂಜಿ. ಬೇರೆಯವರ ಕಣ್ಣಿಗೆ ಬರೀ ಮಣ್ಣಾಗಿ ಕಂಡದ್ದು ಅವನ ಬೆರಳ ತುದಿಗೆ ಗೊತ್ತಾಗುತ್ತಿತ್ತು. ಸುತ್ತಲಿನ ಮಣ್ಣನ್ನು ಅವನು ಬಿಡಿಸುವ ರೀತಿ ನೋಡಲು ಮೇಡಂ ಬೇರೆ ಕಾಲೇಜಿನವರನ್ನೂ ಕರೆತಂದರು. ಆದರೆ ಎತ್ತುವ ಹೊತ್ತಿಗೆ ಕೈ ನಿಂತುಬಿಡುತ್ತಿತ್ತು. ಒಂದು ಕಡ್ಡಿ ನೆಟ್ಟು, ಹಿಂದೆ ಸರಿದು, ಸೋಡಾಬುಡ್ಡಿಯನ್ನು ಕರೆಯುತ್ತಿದ್ದ. ನಲವತ್ತು ವಸ್ತು ಅವನು ಹುಡುಕಿದ, ನಲವತ್ತನ್ನೂ ಅವಳು ಎತ್ತಿದಳು. ಹೆಸರು ಅವಳದು, ಅವನ ಹೆಸರಿನ ಮುಂದೆ ಸೊನ್ನೆ.

ಐದನೇ ವಾರ ಮೇಡಂ ಅವನನ್ನು ಡೇರೆಗೆ ಕರೆದರು.

“ನೋಡಿ, ನಾನು ನಿಯಮ ಮುರಿಯೋದಿಲ್ಲ. ಮುರಿದ್ರೆ ನಿಮಗೇ ಅವಮಾನ. ಇನ್ನು ಆರು ದಿನ ಇದೆ. ಎತ್ತದೇ ಇದ್ರೆ ನಿಮ್ಮ ಓದು ಇಲ್ಲಿಗೇ ನಿಲ್ಲುತ್ತೆ.”

“ಗೊತ್ತು ಮೇಡಂ.”

“ಏನು ತಡೀತಿದೆ?”

ಅವನು ಕೈಯ ಮಣ್ಣು ಉಜ್ಜಿಕೊಂಡ. ಆಮೇಲೆ ಹೇಳಿದ. ತುಕಡಿಯಲ್ಲಿ ಅವನಿಗೊಬ್ಬ ಜೊತೆಗಾರನಿದ್ದ, ಹನ್ನೊಂದು ವರ್ಷ ಒಟ್ಟಿಗೆ ತೆವಳಿದವನು. ಜನ ಬಿಟ್ಟುಹೋದ ಒಂದು ಮನೆಯಂಗಳದಲ್ಲಿ ಅಡುಗೆಯ ಪಾತ್ರೆಯೊಂದು ಬಿದ್ದಿತ್ತು. ಆ ದಿನದ ಕೆಲಸ ಮುಗಿದಿತ್ತು. ಜೊತೆಗಾರ, “ಪಾಪ, ಯಾರದೋ ಪಾತ್ರೆ” ಎಂದು ಬಗ್ಗಿ ಎತ್ತಿದ. ಅಡಿಯಲ್ಲಿ ಬಾಂಬಿನ ತಂತಿಯಿತ್ತು. ಇಪ್ಪತ್ತೈದು ಹೆಜ್ಜೆ ಹಿಂದೆ ಇದ್ದದ್ದರಿಂದ ನಿಧಾನಣ್ಣ ಉಳಿದ, ಹೋದದ್ದು ಎಡಗಿವಿಯ ಅರ್ಧ ಮಾತ್ರ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಮೇಡಂ ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟರು.

ವಿಧಿಗೆ ತಮಾಷೆಯೆಂದರೆ ಇಷ್ಟ. ಮರುದಿನ ಅವನ ಚೌಕದಲ್ಲಿ, ಮೊಣಕಾಲಿನ ಆಳದಲ್ಲಿ ಕಂಡದ್ದೇ ಒಂದು ಮಣ್ಣಿನ ಗಡಿಗೆ. ಒಡಕಲ್ಲ, ಇಡೀ ಗಡಿಗೆ. ಮೇಲೆ ಮುಚ್ಚಳವೂ ಇತ್ತು. ಅಂಥದ್ದು ಆ ದಿಬ್ಬದಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ನಾಲ್ಕು ದಿನ ಬ್ರಷ್ಷು ಹಿಡಿದು ಅದರ ಸುತ್ತ ಮಣ್ಣು ಬಿಡಿಸಿದ. ಕೊನೆಯ ದಿನ ಬೆಳಿಗ್ಗೆ ಗಡಿಗೆ ಒಂದು ಚಿಕ್ಕ ಮಣ್ಣಿನ ಪೀಠದ ಮೇಲೆ ಒಂಟಿಯಾಗಿ ಕೂತಿತ್ತು. ಎರಡೂ ಕೈ ಅಡಿಗೆ ಹಾಕಿ ಎತ್ತುವುದಷ್ಟೇ ಬಾಕಿ.

ಎಲ್ಲರೂ ಬಂದು ಗುಂಡಿಯ ಸುತ್ತ ನಿಂತರು. ಅವನು ಮೊಣಕಾಲೂರಿ ಕುಳಿತ. ಕೈ ಮುಂದೆ ಹೋಯಿತು, ನಿಂತಿತು. ಮತ್ತೆ ಹೋಯಿತು, ನಿಂತಿತು. ಹೀಗೇ ಒಂದು ಗಂಟೆಯಾಯಿತು. ಅದರಡಿ ತಂತಿಯಿಲ್ಲ ಎಂದು ಅವನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ.

“ಆಗಲ್ಲ ಮೇಡಂ. ಇಷ್ಟು ಹತ್ತಿರ ಇಷ್ಟು ಜನ...” ಎಂದ.

ಆಗ ಸೋಡಾಬುಡ್ಡಿ ಕೇಳಿದಳು, “ಅಣ್ಣಾ, ನಿಮ್ಮ ಕೆಲಸದಲ್ಲಿ ಉಳಿದವರು ಎಷ್ಟು ದೂರ ಇರಬೇಕಿತ್ತು?”

“ಇಪ್ಪತ್ತೈದು ಹೆಜ್ಜೆ.”

“ನಿಂತಾ, ಕೂತಾ?”

“ಮಲಗಿ. ತಲೆ ತಗ್ಗಿಸಿ.”

ಅವಳು ತಿರುಗಿ ನಡೆದಳು. ಗಟ್ಟಿಯಾಗಿ ಎಣಿಸುತ್ತ ಇಪ್ಪತ್ತೈದು ಹೆಜ್ಜೆ ಹೋಗಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಹುಲ್ಲಿನ ಮೇಲೆ ಬೋರಲು ಮಲಗಿದಳು. ಅವಳ ಹಿಂದೆ ಇನ್ನೊಬ್ಬ ಹೋದ. ಆಮೇಲೆ ಇಬ್ಬರು. ಆಮೇಲೆ ಎಲ್ಲರೂ. ಒಬ್ಬರೂ ನಗಲಿಲ್ಲ. ಇದು ಆಟವಲ್ಲ ಎಂದು ಹೇಗೋ ಎಲ್ಲರಿಗೂ ತಿಳಿದುಹೋಗಿತ್ತು. ಕೊನೆಗೆ ಅರವತ್ತರ ಹತ್ತಿರದ ಮೇಡಂ, ಕೈಲಿದ್ದ ಪುಸ್ತಕವನ್ನು ಗುಂಡಿಯ ಅಂಚಿನಲ್ಲಿಟ್ಟು, ಇಪ್ಪತ್ತೈದು ಹೆಜ್ಜೆ ಎಣಿಸಿ ಹೋಗಿ, ಒಂದು ಕೈಯೂರಿ ನಿಧಾನವಾಗಿ ಮಲಗಿ, ನರೆತ ತಲೆಯನ್ನು ಹುಲ್ಲಿಗೆ ತಾಗಿಸಿದರು.

ನಿಧಾನಣ್ಣ ಗುಂಡಿಯಿಂದ ತಲೆಯೆತ್ತಿ ನೋಡಿದ. ಬಿಸಿಲಲ್ಲಿ ಮೂವತ್ತು ಬೆನ್ನು. ಇಲ್ಲದ ಬಾಂಬಿಗಾಗಿ, ತನ್ನೊಬ್ಬನಿಗಾಗಿ, ಮೂವತ್ತು ಜನ ಮಣ್ಣಿಗೆ ಗಲ್ಲ ತಾಗಿಸಿ ಮಲಗಿದ್ದಾರೆ! ಪ್ರಪಂಚದಲ್ಲಿ ತಾನು ಕಂಡ ದೊಡ್ಡ ಆಶ್ಚರ್ಯ ನೆಲದ ಕೆಳಗಿನದಲ್ಲ, ನೆಲದ ಮೇಲಿನದು ಎಂದು ಅವನಿಗೆ ಆ ಗಳಿಗೆಯಲ್ಲಿ ಅನ್ನಿಸಿತು. ಕಣ್ಣು ಮಂಜಾಯಿತು. ಒರೆಸಿಕೊಳ್ಳದೆ ಬಗ್ಗಿ, ಎರಡೂ ಕೈಯನ್ನು ಗಡಿಗೆಯ ಅಡಿಗೆ ಹಾಕಿದ. ತಣ್ಣಗಿತ್ತು, ದುಂಡಗಿತ್ತು. ಎತ್ತಿದ.

ಏನೂ ಆಗಲಿಲ್ಲ. ಎಲ್ಲಿಯೋ ಒಂದು ಹಕ್ಕಿ ಕೂಗಿತು. ಬಾಣಂತಿಯ ಕೈಯಿಂದ ಮಗುವನ್ನು ಇಸಿದುಕೊಂಡವನಂತೆ ಅವನು ಅದನ್ನು ಎದೆಗೊತ್ತಿಕೊಂಡು ನಿಂತ.

“ಎತ್ತಿದೆ” ಎಂದ. ಯಾರಿಗೂ ಕೇಳಿಸಲಿಲ್ಲ. “ಎತ್ತಿದೆ!” ಎಂದು ಕೂಗಿದ.

ಮೂವತ್ತು ಜನ ಎದ್ದು ಓಡಿ ಬಂದರು. ಮೇಡಂ ಪುಸ್ತಕ ತೆರೆದು ಅವನ ಹೆಸರಿನ ಮುಂದಿನ ಸೊನ್ನೆಯನ್ನು ಹೊಡೆದುಹಾಕಿದರು. ಪಾಸು. ಆದರೆ ಬರಿಗೈಯಲ್ಲಿ ಹಿಡಿದದ್ದಕ್ಕೆ ಎರಡು ಅಂಕ ಕಳೆದರು, ಅವರ ಸ್ವಭಾವವೇ ಅದು. ಗಡಿಗೆಯ ತಳದ ತುಂಬ ಮಸಿಯಿತ್ತು. ಅದರಿಂದಲೇ ಕಾಲ ಗೊತ್ತಾಗುವುದು. ಆ ಮಸಿ ನಿಧಾನಣ್ಣನ ಎರಡೂ ಅಂಗೈಗೆ ಹತ್ತಿತ್ತು. ಎರಡು ಸಾವಿರ ವರ್ಷದ ಹಿಂದಿನ ಒಲೆಯ ಮಸಿ. ಅವನು ಕೈ ನೋಡಿಕೊಂಡ, ಮೇಡಂ ಮುಖ ನೋಡಿದ.

“ತಳದಲ್ಲಿ ಉಳಿದದ್ದು ಲ್ಯಾಬಿಗೆ. ಕೈಗೆ ಹತ್ತಿದ್ದು ನಿಮ್ಮದು, ತಗೊಂಡು ಹೋಗಿ” ಎಂದರು ಮೇಡಂ.

ಬಸ್ಸಿನಲ್ಲಿ ಕಂಬಿ ಹಿಡಿಯದೆ, ಎರಡೂ ಕೈ ಮುಂದೆ ಚಾಚಿಕೊಂಡು, ಓಲಾಡುತ್ತ ಬಂದ. ಕಂಡಕ್ಟರು ಅವನ ಜೇಬಿನಿಂದ ತಾನೇ ಚಿಲ್ಲರೆ ತೆಗೆದುಕೊಂಡ. ಮನೆಯಲ್ಲಿ ಹೆಂಡತಿ ಆಗತಾನೆ ಕ್ಯಾಂಟೀನಿನಿಂದ ಬಂದು ಅಡುಗೆಗೆ ಇಟ್ಟಿದ್ದಳು.

“ನೋಡು” ಎಂದು ಅಂಗೈ ಚಾಚಿದ. ಎಲ್ಲ ಹೇಳಿದ. ಮೂವತ್ತು ಜನ ಮಲಗಿದ್ದನ್ನು ಹೇಳಿದ, ಹೇಳುತ್ತ ಹೇಳುತ್ತ ಜೊತೆಗಾರನ ಪಾತ್ರೆಯ ಕಥೆಯನ್ನೂ ಹೇಳಿಬಿಟ್ಟ. ಅವಳು ಸೌಟು ಕೆಳಗಿಟ್ಟು ಕೇಳಿದಳು. ಆಮೇಲೆ ಅವನ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಒಂದು ಬೆರಳಿನಿಂದ ಮಸಿಯನ್ನು ಉಜ್ಜಿ, ಬೆಳಕಿಗೆ ಹಿಡಿದಳು.

“ಇದು ಒಂದು ದಿನದ ಮಸಿ ಅಲ್ಲ.”

“ಎರಡು ಸಾವಿರ ವರ್ಷದ್ದು ಕಣೇ.”

“ಅದಲ್ಲ ರೀ. ದಿನಾ ಒಲೆ ಮೇಲೆ ಇಡ್ತಿದ್ದ ಪಾತ್ರೆ ಇದು, ಅದಕ್ಕೇ ಇಷ್ಟು ನುಣ್ಣಗಿದೆ. ಒಳಗೆ ಏನಿತ್ತು?”

“ಮುಚ್ಚಳ ಬಿರುಕು ಬಿಟ್ಟಿತ್ತು, ಮಣ್ಣು ಇಳಿದಿತ್ತು. ತಳದಲ್ಲಿ ಕಾಳು ಸೀದು ಹತ್ತಿಕೊಂಡಿದೆ ಅಂದ್ರು ಮೇಡಂ.”

“ಮುಚ್ಚಳ ಇತ್ತಾ?” ಅವಳು ಒಲೆಯ ಮೇಲಿನ ಪಾತ್ರೆಯತ್ತ ನೋಡಿದಳು. ಮುನ್ನೂರು ಜನಕ್ಕೆ ಬೇಯಿಸುವವಳು, ಮೇಡಂಗೂ ಹೊಳೆಯದ್ದು ಅವಳಿಗೆ ಹೊಳೆಯಿತು. “ಎಲ್ಲರದೂ ಊಟ ಆಗಿದ್ರೆ ಆ ಮನೆ ಹೆಂಗಸು ಗಡಿಗೆ ತೊಳೆದು ಬೋರಲು ಹಾಕ್ತಿದ್ಳು. ಬಡಿಸಿ ಉಳಿದದ್ದನ್ನ ಮುಚ್ಚಿ, ಒಲೆ ಮೇಲೇ ಬಿಸಿಗೆ ಬಿಟ್ಟಿದಾಳೆ. ಇನ್ನೂ ಯಾರೋ ಬರೋದಿತ್ತು ರೀ.”

ನಿಧಾನಣ್ಣ ತನ್ನ ಅಂಗೈಯ ಮಸಿಯನ್ನು ನೋಡಿದ.

“ರಜೆ ಮೇಲೆ ಬರ್ತೀನಿ ಅಂತ ನೀವು ಬರೆದ ದಿನ ನಾನೂ ಹೀಗೇ ಮುಚ್ಚಿ ಇಡ್ತಿದ್ದೆ” ಎಂದಳು ಅವಳು. “ಎಷ್ಟೋ ಸಲ ರಜೆ ಸಿಕ್ತಾ ಇರಲಿಲ್ಲ ನಿಮಗೆ. ಎಷ್ಟೋ ಸಲ ತಳ ಹತ್ತಿದೆ.”

ಇದು ಅವನಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಮಸಿಗೈಯಲ್ಲಿ ಅವಳ ಕೈಯನ್ನು ಹಿಡಿದುಕೊಂಡೇ ನಿಂತ. ಅವಳು ಬಿಡಿಸಿಕೊಳ್ಳಲಿಲ್ಲ.

ಒಲೆಯ ಮೇಲೆ ಪಾತ್ರೆ ಉಕ್ಕಿ ಬಂತು. ಅವಳು ಉರಿ ತಗ್ಗಿಸಿದಳು.

“ಕೈ ತೊಳ್ಕೊಂಡು ಊಟಕ್ಕೆ ಕೂತ್ಕೊಳ್ಳಿ. ಆ ಗಡಿಗೆಯವಳು ಇದ್ದಿದ್ರೂ ಇದನ್ನೇ ಹೇಳ್ತಿದ್ಳು.”

ನಿಧಾನಣ್ಣ ನಲ್ಲಿ ತಿರುಗಿಸಿದ. ನಾಲ್ಕು ಕೈಗಳ ಮಸಿಯೂ ಕರಗಿ ನೀರು ಕಪ್ಪಾಗಿ ಹರಿದುಹೋಗುವುದನ್ನು ಗಂಡ ಹೆಂಡತಿ ಇಬ್ಬರೂ ನೋಡುತ್ತ ನಿಂತರು.